ಹೊಸ ಪಾರ್ಟ್ ಹಾಕಿದರೆ ಎಂಜಿನ್ ರೀಟ್ಯೂನ್ ಮಾಡಿಸಬೇಕೇ?

ನನ್ನ ಮಾಮನ ಗ್ಯಾರೇಜಿನಲ್ಲಿ, ಮೇಜಿನ ಮೇಲಿನ ಬಿಲ್ಲುಗಳು ಫ್ಯಾನಿನ ಗಾಳಿಗೆ ಹಾರದಂತೆ ಒಂದು ಪಿಸ್ಟನ್ ಇಟ್ಟಿದ್ದಾರೆ. ಅಲ್ಯುಮಿನಿಯಂನದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಅದರ ಅಂಚು ಒಂದು ಕಡೆ ಮೇಣದಬತ್ತಿಯ ಹಾಗೆ ಕರಗಿ ಇಳಿದು, ರಿಂಗ್ ಕೂರುವ ಜಾಗದವರೆಗೂ ಹೋಗಿದೆ. ಮೊದಲ ಸಲ ನೋಡಿದಾಗ ಯಾವುದೋ ಸುಟ್ಟುಹೋದ ಕಾರಿನದ್ದು ಅಂದುಕೊಂಡಿದ್ದೆ. ಹಾಗಲ್ಲವಂತೆ. ಶಿರಾಡಿ ಘಾಟಿ ಹತ್ತುತ್ತಿದ್ದ ಒಂದು ಕಾರಿನ ಎಂಜಿನ್ನೊಳಗೇ ಅದು ಕರಗಿದ್ದು. ಮನೆಯವರೆಲ್ಲ ಕಾರಿನಲ್ಲಿದ್ದರು, ತಂದೆ ಓಡಿಸುತ್ತಿದ್ದರು. ಹೊರಗೆ ಎಲ್ಲೂ ಬೆಂಕಿ ಇರಲಿಲ್ಲ. ಮಗ ಆನ್‌ಲೈನ್‌ನಲ್ಲಿ ತರಿಸಿ ಹಾಕಿದ್ದ ಏರ್ ಫಿಲ್ಟರ್ ಕಿಟ್ ಮಾತ್ರ ಇತ್ತು.

ಫಿಲ್ಟರ್ ಬದಲಿಸಿದರೆ ಪಿಸ್ಟನ್ ಹೇಗೆ ಕರಗುತ್ತದೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಕೂತಿತ್ತು. ನಮ್ಮ ತರಗತಿಯಲ್ಲಿ ಗಾಡಿಗಳ ಮಾತು ಬಂದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಕಂಪನಿಯದ್ದಲ್ಲದ ಯಾವ ಪಾರ್ಟ್ ಹಾಕಿದರೂ ಟ್ಯೂನಿಂಗ್ ಮಾಡಿಸಲೇಬೇಕು ಎನ್ನುವವರು ಒಂದು ಕಡೆ. "ಈಗಿನ ಕಾರಿನಲ್ಲಿ ಕಂಪ್ಯೂಟರ್ ಉಂಟು ಮಾರಾಯ, ಅದೇ ಎಲ್ಲ ಸರಿ ಮಾಡಿಕೊಳ್ಳುತ್ತದೆ" ಎನ್ನುವವರು ಇನ್ನೊಂದು ಕಡೆ. (ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟೂ ತುಂಬಿಲ್ಲ, ಲೈಸೆನ್ಸೂ ಇಲ್ಲ. ಮಾತಿಗೆ ಲೈಸೆನ್ಸ್ ಬೇಡವಲ್ಲ.) ರಜೆಯಲ್ಲಿ ಗ್ಯಾರೇಜಿನಲ್ಲಿ ಕೂತು ಕೇಳಿ ತಿಳಿದದ್ದನ್ನೂ, ನಮ್ಮ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರದ ಪಾಠದಲ್ಲಿ ಇರುವುದನ್ನೂ ಜೋಡಿಸಿ ನೋಡಿದಾಗ ಎರಡೂ ಪಕ್ಷದವರು ಅರ್ಧ ಸರಿ ಎಂದು ಗೊತ್ತಾಯಿತು.

ಮೊದಲು ಒಂದು ಮಾತು. ಆಫ್ಟರ್‌ಮಾರ್ಕೆಟ್ ಪಾರ್ಟ್ ಎಂದರೆ ಕಾರು ಕಂಪನಿಯ ಹೆಸರಿಲ್ಲದೆ ಬೇರೆಯವರು ಮಾಡಿ ಮಾರುವ ಭಾಗ, ಅಷ್ಟೆ. ಅದು ರೇಸಿಂಗ್ ಪಾರ್ಟೇ ಆಗಬೇಕೆಂದಿಲ್ಲ. ಗ್ಯಾರೇಜಿಗೆ ಬರುವ ಸಾಮಾನಿನಲ್ಲಿ ಹೆಚ್ಚಿನದು ಇದೇ: ಬೇರೆ ಬ್ರ್ಯಾಂಡಿನ ರೇಡಿಯೇಟರ್, ವಾಟರ್ ಪಂಪ್, ಬೆಲ್ಟ್, ಇಗ್ನಿಷನ್ ಕಾಯಿಲ್, ಎಂಜಿನ್ ಮೌಂಟಿಂಗ್. ಮೂಲ ಭಾಗದ ಅಳತೆಯಲ್ಲೇ ಇದ್ದರೆ ಇವಕ್ಕೆ ಯಾವ ಟ್ಯೂನಿಂಗೂ ಬೇಡ. ಡಬ್ಬಿಯ ಮೇಲೆ ಯಾರ ಹೆಸರಿದೆ ಎಂಬುದು ಎಂಜಿನ್ನಿಗೆ ಗೊತ್ತಾಗುವುದಿಲ್ಲ.

ಎಂಜಿನ್ನಿನ ಲೆಕ್ಕ

ಹಾಗಾದರೆ ಎಂಜಿನ್ನಿಗೆ ಏನು ಗೊತ್ತಾಗುತ್ತದೆ? ಪೆಟ್ರೋಲ್ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಮುಖ್ಯವಾಗಿ ಎರಡು ವಿಷಯ ತೀರ್ಮಾನಿಸಬೇಕು: ಈ ಸಲ ಸಿಲಿಂಡರಿಗೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಯಾವ ಕ್ಷಣದಲ್ಲಿ ಸ್ಪಾರ್ಕ್ ಕೊಡಬೇಕು. ಎರಡಕ್ಕೂ ಮೊದಲು ಅದಕ್ಕೆ ತಿಳಿಯಬೇಕಾದದ್ದು ಒಳಗೆ ಎಷ್ಟು ಗಾಳಿ ಬಂತು ಎಂಬುದು.

ಗಾಳಿಗೆ ಇಷ್ಟೇ ಪೆಟ್ರೋಲ್ ಎಂಬ ಲೆಕ್ಕ ನಮ್ಮ ಸ್ಟಾಯ್ಕಿಯೋಮೆಟ್ರಿ ಪಾಠದ್ದೇ. ಪೆಟ್ರೋಲನ್ನು ಆಕ್ಟೇನ್ ಎಂದು ಇಟ್ಟುಕೊಳ್ಳಿ. 2 ಮೋಲ್ ಆಕ್ಟೇನ್ ಪೂರ್ತಿ ಉರಿಯಲು 25 ಮೋಲ್ ಆಮ್ಲಜನಕ ಬೇಕು. ಅಂದರೆ 228 ಗ್ರಾಂಗೆ 800 ಗ್ರಾಂ. ಗಾಳಿಯ ತೂಕದಲ್ಲಿ ಆಮ್ಲಜನಕ ಶೇಕಡಾ 23ರಷ್ಟು ಮಾತ್ರ ಇರುವುದರಿಂದ ಸುಮಾರು 3,450 ಗ್ರಾಂ ಗಾಳಿ ಬೇಕು. ಭಾಗಿಸಿದರೆ 1 ಗ್ರಾಂಗೆ 15 ಗ್ರಾಂ. ನಿಜವಾದ ಪೆಟ್ರೋಲಿನಲ್ಲಿ ಬೇರೆ ಹೈಡ್ರೋಕಾರ್ಬನ್ನುಗಳೂ ಇರುವುದರಿಂದ ಪುಸ್ತಕಗಳಲ್ಲಿ 14.7 ಎಂದು ಕೊಡುತ್ತಾರೆ. ಗಾಳಿ ಇದಕ್ಕಿಂತ ಹೆಚ್ಚಾದರೆ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್.

ಈಗ ಒಂದು 1,200 ಸಿಸಿ ಎಂಜಿನ್ ತೆಗೆದುಕೊಳ್ಳೋಣ, ನಾಲ್ಕು ಸಿಲಿಂಡರ್. ಒಂದಕ್ಕೆ 300 ಸಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂದು ಲೀಟರ್ ಗಾಳಿ ಸುಮಾರು 1.16 ಗ್ರಾಂ ತೂಗುತ್ತದೆ. ಸಿಲಿಂಡರ್ ಶೇಕಡಾ 85ರಷ್ಟು ತುಂಬಿತು ಅಂದರೆ 0.3 ಗ್ರಾಂ ಗಾಳಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ಸ್ವಲ್ಪ ರಿಚ್ ಆಗಿಯೇ ಓಡಬೇಕು, 12.5ರ ಆಸುಪಾಸು. ಹಾಗಾಗಿ ಒಂದು ಸಲಕ್ಕೆ ಬೇಕಾದ ಪೆಟ್ರೋಲ್ 24 ಮಿಲಿಗ್ರಾಂ. 6,000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರೂ ಸೆಕೆಂಡಿಗೆ 50 ಸಲ ಉರಿಯುತ್ತದೆ. ಇಂಜೆಕ್ಟರ್ ಮಿಲಿಸೆಕೆಂಡಿಗೆ 2.2 ಮಿಲಿಗ್ರಾಂ ಬಿಡುವುದಾದರೆ ಅದನ್ನು 11 ಮಿಲಿಸೆಕೆಂಡ್ ತೆರೆದಿಡಬೇಕು. ಇಸಿಯು ಮಾಡುವುದು ಇದನ್ನೇ. ಪೆಟ್ರೋಲನ್ನು ಅದು ತೂಗುವುದಿಲ್ಲ. ಇಂಜೆಕ್ಟರಿನ ಬಾಗಿಲನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂದು ಲೆಕ್ಕ ಹಾಕುತ್ತದೆ. ಈ ಇಂಜೆಕ್ಟರ್ ಇಷ್ಟು ಬಿಡುತ್ತದೆ ಎಂಬ ಸಂಖ್ಯೆಯನ್ನು ಕಂಪನಿಯವರು ಮೊದಲೇ ಅದರೊಳಗೆ ಬರೆದಿಟ್ಟಿರುತ್ತಾರೆ.

ಗಾಳಿಯನ್ನು ತಿಳಿಯಲು ಎರಡು ದಾರಿ ಉಂಟು. ಕೆಲವು ಕಾರುಗಳಲ್ಲಿ ಫಿಲ್ಟರಿನ ನಂತರದ ಪೈಪಿನಲ್ಲಿ ಒಂದು ಬಿಸಿ ತಂತಿ ಇರುತ್ತದೆ. ಹರಿಯುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ಪ್ರಮಾಣ ಗೊತ್ತಾಗುತ್ತದೆ. ಇದಕ್ಕೆ ಮ್ಯಾಫ್ ಸೆನ್ಸಾರ್ ಎನ್ನುತ್ತಾರೆ. ಇನ್ನು ಕೆಲವದರಲ್ಲಿ ಗಾಳಿಯನ್ನು ನೇರವಾಗಿ ಅಳೆಯುವುದೇ ಇಲ್ಲ. ಮ್ಯಾನಿಫೋಲ್ಡಿನ ಒಳಗಿನ ಒತ್ತಡವನ್ನು ಮ್ಯಾಪ್ ಸೆನ್ಸಾರ್ ಹೇಳುತ್ತದೆ, ಉಷ್ಣಾಂಶವನ್ನು ಇನ್ನೊಂದು ಸೆನ್ಸಾರ್ ಹೇಳುತ್ತದೆ. ಪರೀಕ್ಷೆಗೆ ನಾವು ಬಾಯಿಪಾಠ ಮಾಡುವ ಆದರ್ಶ ಅನಿಲ ಸಮೀಕರಣವನ್ನೇ ಹಾಕಿ ಇಸಿಯು ಗಾಳಿಯ ತೂಕ ಕಂಡುಹಿಡಿಯುತ್ತದೆ. ಆದರೆ ಸಮೀಕರಣ ಒಂದೇ ಸಾಲದು. ಈ ಆರ್‌ಪಿಎಂನಲ್ಲಿ, ಈ ಒತ್ತಡದಲ್ಲಿ ಸಿಲಿಂಡರ್ ನಿಜಕ್ಕೂ ಶೇಕಡಾ ಎಷ್ಟು ತುಂಬುತ್ತದೆ ಎಂಬ ಒಂದು ದೊಡ್ಡ ಕೋಷ್ಟಕವೂ ಬೇಕು. ಕಂಪನಿಯವರು ಎಂಜಿನ್ನನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ ಅಳೆದು ತುಂಬಿಸಿದ ಕೋಷ್ಟಕ ಅದು. ಸ್ಪಾರ್ಕ್ ಟೈಮಿಂಗಿಗೂ ಇಂಥದೇ ಇನ್ನೊಂದು ಇದೆ. ಟ್ಯೂನಿಂಗ್, ರೀಮ್ಯಾಪಿಂಗ್ ಎಂದು ಏನೇ ಹೆಸರಿಟ್ಟರೂ ಕೊನೆಗೆ ಮಾಡುವುದು ಈ ಕೋಷ್ಟಕಗಳ ಸಂಖ್ಯೆಗಳನ್ನು ಬದಲಿಸುವುದು.

ಇಲ್ಲಿಗೆ ಬಂದರೆ ನಮ್ಮ ಪ್ರಶ್ನೆಯೂ ಬದಲಾಗುತ್ತದೆ. ಹೊಸ ಪಾರ್ಟಿಗೆ ರೀಟ್ಯೂನ್ ಬೇಕೇ ಎಂದು ಕೇಳುವ ಬದಲು, ಈ ಪಾರ್ಟ್ ಹಾಕಿದ ಮೇಲೆ ಇಸಿಯು ನಂಬಿಕೊಂಡಿರುವ ಯಾವ ಸಂಖ್ಯೆ ಸುಳ್ಳಾಗುತ್ತದೆ ಎಂದು ಕೇಳಬೇಕು. ಯಾವುದೂ ಸುಳ್ಳಾಗದಿದ್ದರೆ ಟ್ಯೂನಿಂಗ್ ಬೇಡ. ಸುಳ್ಳಾದರೂ ಸೆನ್ಸಾರ್ ನೋಡಿ ತಿದ್ದಿಕೊಳ್ಳುವಷ್ಟು ಸಣ್ಣದಾದರೆ ಆಗಲೂ ಬೇಡ. ಮಾಮ ಇದನ್ನೇ ಚಿಕ್ಕದಾಗಿ ಹೇಳುವುದು: "ಕಂಪ್ಯೂಟರಿಗೆ ಗೊತ್ತಾಗುತ್ತದಾ ಇಲ್ವಾ, ಅದನ್ನು ನೋಡು."

ತಾನೇ ಸರಿ ಮಾಡಿಕೊಳ್ಳುವುದು ಎಲ್ಲಿಯವರೆಗೆ

"ಅದೇ ಸರಿ ಮಾಡಿಕೊಳ್ಳುತ್ತದೆ" ಎನ್ನುವವರ ಮಾತಿನಲ್ಲಿ ಸತ್ಯ ಇದೆ. ಹೊಗೆ ಹೋಗುವ ದಾರಿಯಲ್ಲಿ ಆಕ್ಸಿಜನ್ ಸೆನ್ಸಾರ್ ಇರುತ್ತದೆ. ಉರಿದ ಮೇಲೆ ಆಮ್ಲಜನಕ ಉಳಿದಿದ್ದರೆ ಅದರ ವೋಲ್ಟೇಜ್ 0.1ರ ಕಡೆ ಇಳಿಯುತ್ತದೆ, ಉಳಿಯದಿದ್ದರೆ 0.9ರ ಕಡೆ ಏರುತ್ತದೆ. ಅದನ್ನು ನೋಡಿಕೊಂಡು ಇಸಿಯು ಪೆಟ್ರೋಲನ್ನು ಆಗಿಂದಾಗ್ಗೆ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಯಾವಾಗಲೂ ಒಂದೇ ಕಡೆ ತಿದ್ದಬೇಕಾಗಿ ಬಂದರೆ ಅದನ್ನು ನೆನಪಿನಲ್ಲೂ ಇಟ್ಟುಕೊಳ್ಳುತ್ತದೆ. ಸ್ಕ್ಯಾನರ್ ಹಾಕಿದರೆ ಇದು ಫ್ಯೂಯಲ್ ಟ್ರಿಮ್ ಎಂಬ ಹೆಸರಿನಲ್ಲಿ ಶೇಕಡಾವಾರು ಕಾಣುತ್ತದೆ.

ಇದರ ದೊಡ್ಡ ಉದಾಹರಣೆ ನಮ್ಮ ಪೆಟ್ರೋಲ್ ಬಂಕಿನಲ್ಲೇ ಇದೆ. ಎಥನಾಲ್‌ಗೆ ಬೇಕಾದ ಗಾಳಿ 1ಕ್ಕೆ 9 ಮಾತ್ರ. ಶೇಕಡಾ 10 ಎಥನಾಲ್ ಇದ್ದ ಪೆಟ್ರೋಲಿಗೆ ಸರಿಯಾದ ಅನುಪಾತ ಸುಮಾರು 14.1, ಶೇಕಡಾ 20 ಇರುವ ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇಕಡಾ 4ರಷ್ಟು ಹೆಚ್ಚು ಇಂಧನ ಬೇಕು. ದೇಶದ ಅಷ್ಟೂ ಹಳೆಯ ಪೆಟ್ರೋಲ್ ಕಾರುಗಳಿಗೆ ಈ ಬದಲಾವಣೆ ಬಂತು, ಯಾರೂ ರೀಟ್ಯೂನ್ ಮಾಡಿಸಲಿಲ್ಲ. ಆಕ್ಸಿಜನ್ ಸೆನ್ಸಾರ್ ನೋಡಿತು, ಇಸಿಯು ತಿದ್ದಿಕೊಂಡಿತು. (ಹಳೆಯ ರಬ್ಬರ್ ಪೈಪುಗಳಿಗೆ ಎಥನಾಲ್ ಏನು ಮಾಡುತ್ತದೆ ಎಂಬುದು ಬೇರೆಯೇ ಕಥೆ. ಅದನ್ನು ಯಾವ ಕಂಪ್ಯೂಟರೂ ತಿದ್ದಲಾರದು.) ಹಾಗೆಯೇ ಮಂಗಳೂರಿನಿಂದ ಸಕಲೇಶಪುರಕ್ಕೆ ಹೋದರೆ 900 ಮೀಟರಿಗೂ ಹೆಚ್ಚು ಮೇಲೇರುತ್ತೇವೆ, ಗಾಳಿಯ ಒತ್ತಡ ಶೇಕಡಾ ಹತ್ತರಷ್ಟು ಇಳಿಯುತ್ತದೆ. ಇದನ್ನಂತೂ ತಿದ್ದಬೇಕಾಗಿಯೇ ಇಲ್ಲ, ಸೆನ್ಸಾರ್ ಮೊದಲೇ ಅಳೆದಿರುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಈ ಸುಖ ಇರಲಿಲ್ಲ. ಜೆಟ್ ಬಿಚ್ಚಿ ಬದಲಿಸುವುದೇ ಆಗಿನ ಟ್ಯೂನಿಂಗ್.

ಆದರೆ ಈ ತಿದ್ದುಪಡಿಗೆ ಎರಡು ಗಡಿಗಳಿವೆ. ಮೊದಲನೆಯದು ಪ್ರಮಾಣದ್ದು. ಕಾರಿನಿಂದ ಕಾರಿಗೆ ವ್ಯತ್ಯಾಸವಿದ್ದರೂ ಶೇಕಡಾ 20-25ರ ಹತ್ತಿರ ಬಂದರೆ ಇಸಿಯು ಕೈಚೆಲ್ಲಿ ಚೆಕ್ ಎಂಜಿನ್ ಲ್ಯಾಂಪ್ ಹೊತ್ತಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0171 ಎಂದು ಬಂದರೆ ಮಿಶ್ರಣ ಲೀನ್ ಆಗಿದೆ ಎಂದರ್ಥ.

ಎರಡನೆಯ ಗಡಿ ಹೆಚ್ಚಿನವರಿಗೆ ಗೊತ್ತಿಲ್ಲ, ಅಪಾಯ ಇರುವುದು ಅಲ್ಲೇ. ಹಗುರವಾಗಿ ಓಡಿಸುವಾಗ ಮಾತ್ರ ಇಸಿಯು ಆಕ್ಸಿಜನ್ ಸೆನ್ಸಾರಿನ ಮಾತು ಕೇಳುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ 12.5ರಲ್ಲಿ ಓಡಬೇಕು ಎಂದೆನಲ್ಲ, ಸಾಮಾನ್ಯ ಆಕ್ಸಿಜನ್ ಸೆನ್ಸಾರಿಗೆ ಅಷ್ಟು ದೂರ ಕಾಣುವುದಿಲ್ಲ. ರಿಚ್ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟು ರಿಚ್ ಎಂದು ಹೇಳಲಾರದು. ಹಾಗಾಗಿ ಅಂಥ ಹೊತ್ತಿನಲ್ಲಿ ಇಸಿಯು ಅದನ್ನು ಬದಿಗಿಟ್ಟು, ಕೋಷ್ಟಕವನ್ನೇ ನಂಬಿ ಕೆಲಸ ಮಾಡುತ್ತದೆ. ವೈಡ್‌ಬ್ಯಾಂಡ್ ಸೆನ್ಸಾರ್ ಇರುವ ಹೊಸ ಕಾರುಗಳು ಇದರಲ್ಲಿ ಮೇಲು. ಉಳಿದವುಗಳಲ್ಲಿ, ಎಂಜಿನ್ ಅತಿ ಹೆಚ್ಚು ಬಿಸಿಯಾಗಿ ದುಡಿಯುವ ಹೊತ್ತಿನಲ್ಲೇ ತಪ್ಪನ್ನು ಹಿಡಿಯುವವರು ಯಾರೂ ಇರುವುದಿಲ್ಲ.

ಆ ಪಿಸ್ಟನ್ ಕರಗಿದ್ದು ಹೇಗೆ

ಈಗ ಮೇಜಿನ ಮೇಲಿನ ಪಿಸ್ಟನ್ನಿಗೆ ಬರೋಣ. ಆ ಕಾರಿನಲ್ಲಿ ಇದ್ದದ್ದು ಮ್ಯಾಫ್ ಸೆನ್ಸಾರ್. ಹುಡುಗ ಫಿಲ್ಟರ್ ಒಂದನ್ನೇ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಫಿಲ್ಟರ್ ಎಷ್ಟೇ ಸಲೀಸಾಗಿ ಗಾಳಿ ಬಿಟ್ಟರೂ ಆ ಗಾಳಿ ಸೆನ್ಸಾರನ್ನು ದಾಟಿಯೇ ಬರಬೇಕು, ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಕಿಟ್‌ನಲ್ಲಿ ದೊಡ್ಡ ಪೈಪ್ ಇತ್ತು, ಸೆನ್ಸಾರನ್ನು ಬಿಚ್ಚಿ ಆ ಪೈಪಿಗೆ ಕೂರಿಸಿದ್ದ. ಹಳೆಯ ಪೈಪಿನ ಒಳವ್ಯಾಸ 60 ಮಿಲಿಮೀಟರ್, ಹೊಸದರದ್ದು 70.

ಹತ್ತು ಮಿಲಿಮೀಟರ್ ಏನು ಮಹಾ ಅನಿಸುತ್ತದೆ. ವಿಸ್ತೀರ್ಣ ವ್ಯಾಸದ ವರ್ಗದಂತೆ ಹೆಚ್ಚುವುದರಿಂದ ಅದು 1.36 ಪಟ್ಟು ಆಯಿತು. ಅಷ್ಟೇ ಗಾಳಿ ಹೋದರೂ ತಂತಿಯ ಹತ್ತಿರ ಅದರ ವೇಗ ಶೇಕಡಾ 26ರಷ್ಟು ಇಳಿಯಿತು. ಹೊಳೆ ಅಗಲವಾದಲ್ಲಿ ನೀರು ನಿಧಾನವಾಗುವ ಹಾಗೆ. ಪೈಪ್ ಬದಲಾದದ್ದು ಇಸಿಯುಗೆ ಗೊತ್ತಿಲ್ಲ. ಗಾಳಿ ಕಡಿಮೆಯಾಯಿತು ಎಂದುಕೊಂಡು ಪೆಟ್ರೋಲನ್ನೂ ಅಷ್ಟೇ ಕಡಿಮೆ ಮಾಡಿತು. 12.5 ಇರಬೇಕಾದಲ್ಲಿ 17. ಊರೊಳಗೆ ಓಡಿಸುವಾಗ ಕಲಿತ ತಿದ್ದುಪಡಿಯಲ್ಲಿ ಸ್ವಲ್ಪ ಭಾಗ ಅಲ್ಲಿಗೂ ಸೇರಿದರೆ 15ರ ಹತ್ತಿರ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಅತಿ ಬಿಸಿಯಾಗಿ ಉರಿಯುವುದು ಅಲ್ಲೇ.

ಇನ್ನೊಂದು ಪೆಟ್ಟೂ ಇದೆ. ಗಾಳಿ ಕಡಿಮೆ ಇದೆ ಎಂದರೆ ಎಂಜಿನ್ ಮೇಲೆ ಭಾರವೂ ಕಡಿಮೆ ಎಂದು ಇಸಿಯು ತಿಳಿಯುತ್ತದೆ. ಭಾರ ಕಡಿಮೆ ಇದ್ದಾಗ ಸ್ಪಾರ್ಕನ್ನು ಇನ್ನೂ ಮುಂಚೆ ಕೊಡಬಹುದು ಎಂದು ಟೈಮಿಂಗ್ ಕೋಷ್ಟಕ ಹೇಳುತ್ತದೆ. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಎದುರಿಗೆ ಘಾಟಿ. ಹಗುರ ಸವಾರಿಯ ಸ್ಪಾರ್ಕ್, ಲೀನ್ ಮಿಶ್ರಣ. ಇಂಥಲ್ಲಿ ಸ್ಪಾರ್ಕಿನಿಂದ ಹೊರಟ ಜ್ವಾಲೆ ಮುಟ್ಟುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ಒತ್ತಡಕ್ಕೆ ತಾನಾಗಿಯೇ ಸಿಡಿಯುತ್ತದೆ. ಅದೇ ನಾಕಿಂಗ್. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ, ಒಳಗಿನ ಜ್ವಾಲೆ 2,000 ಡಿಗ್ರಿಗೂ ಮೇಲೆ. ದಿನವೂ ಪಿಸ್ಟನ್ ಕರಗದೆ ಉಳಿಯುವುದಕ್ಕೆ ಒಂದು ಕಾರಣ, ಅದರ ಮೈಗೆ ಅಂಟಿಕೊಂಡಿರುವ ತೆಳುವಾದ, ತುಲನೆಗೆ ತಣ್ಣನೆಯ ಅನಿಲದ ಪದರ. ನಾಕಿಂಗಿನ ಅಲೆಗಳು ಆ ಪದರವನ್ನೇ ಕೆರೆದು ಹಾಕುತ್ತವೆ. ನಾಕ್ ಸೆನ್ಸಾರ್ ಶಬ್ದ ಕೇಳಿ ಸ್ಪಾರ್ಕನ್ನು ಹಿಂದೆ ಸರಿಸುತ್ತದೆ ನಿಜ. ಅದಕ್ಕೂ ಮಿತಿ ಉಂಟು.

ಮಾಮನಿಗೆ ಬೇಜಾರಾದದ್ದು ಇದಕ್ಕಲ್ಲ. ಲ್ಯಾಂಪ್ ಮೊದಲೇ ಹೊತ್ತಿತ್ತು. ಹುಡುಗ ಅದನ್ನು ನೋಡಿದ್ದ. ಬ್ಯಾಟರಿಯ ಟರ್ಮಿನಲ್ ಹತ್ತು ನಿಮಿಷ ಬಿಚ್ಚಿಟ್ಟರೆ ಟ್ಯೂನ್ ಆಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಎರಡು ಸಲ ಹಾಗೆ ಮಾಡಿದ್ದ. ಎರಡನೆಯ ಸಲ, ಮನೆಯವರು ಹಾಸನಕ್ಕೆ ಹೊರಡುವ ಹಿಂದಿನ ರಾತ್ರಿ, ಅಪ್ಪನಿಗೆ ಲ್ಯಾಂಪ್ ಕಾಣಬಾರದೆಂದು. ಬ್ಯಾಟರಿ ಬಿಚ್ಚಿದರೆ ಆಗುವುದು ಟ್ಯೂನಿಂಗ್ ಅಲ್ಲ. ಇಸಿಯು ಅಷ್ಟು ದಿನ ಕಷ್ಟಪಟ್ಟು ಕಲಿತ ತಿದ್ದುಪಡಿ ಅಳಿಸಿಹೋಗುತ್ತದೆ, ಜೊತೆಗೆ ಲ್ಯಾಂಪೂ ಆರುತ್ತದೆ. ಸುಳ್ಳು ಸಂಖ್ಯೆ ಮಾತ್ರ ಹಾಗೆಯೇ ಇರುತ್ತದೆ. ಆ ಕಾರಿನಲ್ಲೇ ತಂದೆ ಅಂಗಡಿಗೆ ಸಾಮಾನು ತರುತ್ತಿದ್ದರು. ಒಂದು ತಿಂಗಳು ಬಾಡಿಗೆ ರಿಕ್ಷಾದಲ್ಲಿ ತರಬೇಕಾಯಿತು, ಎಂಜಿನ್ ಕೆಲಸದ ಖರ್ಚು ಬೇರೆ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಮೂಲ ಡಬ್ಬಿಯೊಳಗೇ ಕೂರುವ ಫಿಲ್ಟರಿಗೆ ಬೇಡ. ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಆದರೆ ಎಣ್ಣೆ ಹೆಚ್ಚಾಗಿ ಮ್ಯಾಫ್ ತಂತಿಗೆ ಅಂಟದಂತೆ ನೋಡಿಕೊಳ್ಳಬೇಕು, ಅಷ್ಟೆ. ಇರಿಡಿಯಂ ಸ್ಪಾರ್ಕ್ ಪ್ಲಗ್‌ಗೆ ಬೇಡ, ಹೀಟ್ ರೇಂಜ್ ಮತ್ತು ಗ್ಯಾಪ್ ಕಂಪನಿ ಹೇಳಿದ್ದೇ ಇರಲಿ. ಕ್ಯಾಟಲಿಟಿಕ್ ಕನ್ವರ್ಟರಿನ ಹಿಂದೆ ಬರುವ ಸೈಲೆನ್ಸರ್ ಬದಲಿಸಿದರೆ ಸಾಮಾನ್ಯವಾಗಿ ಬೇಡ. ಸಿಲಿಂಡರ್ ತುಂಬುವುದರಲ್ಲಿ ಆಗುವ ವ್ಯತ್ಯಾಸ ತಿದ್ದುಪಡಿಯ ಮಿತಿಯೊಳಗೇ ಇರುತ್ತದೆ. ಹೆಚ್ಚುವುದು ಶಬ್ದ. ಶಬ್ದ ಹೆಚ್ಚಾದದ್ದನ್ನು ಪವರ್ ಹೆಚ್ಚಾಯಿತು ಎಂದುಕೊಳ್ಳುವವರೇ ಜಾಸ್ತಿ.

ದೊಡ್ಡ ಇಂಜೆಕ್ಟರಿಗೆ ಖಂಡಿತ ಬೇಕು. ಮೇಲಿನ ಲೆಕ್ಕದಲ್ಲಿ ಮಿಲಿಸೆಕೆಂಡಿಗೆ 2.2ರ ಬದಲು 3.3 ಮಿಲಿಗ್ರಾಂ ಬಿಡುವ ಇಂಜೆಕ್ಟರ್ ಹಾಕಿ ನೋಡಿ. ಅದೇ 11 ಮಿಲಿಸೆಕೆಂಡಿಗೆ 24ರ ಜಾಗದಲ್ಲಿ 36 ಮಿಲಿಗ್ರಾಂ. ಯಾವ ಫ್ಯೂಯಲ್ ಟ್ರಿಮ್ಮೂ ಇದನ್ನು ಸರಿದೂಗಿಸಲಾರದು. ಪೆಟ್ರೋಲ್ ಪಂಪಿನ ಒತ್ತಡ ಹೆಚ್ಚಿಸಿದರೂ ಇದೇ ಫಲ.

ಬೇರೆ ಕ್ಯಾಮ್‌ಶಾಫ್ಟಿಗೂ ಬೇಕು. ಇಲ್ಲಿ ಕೆಡುವ ರೀತಿ ಸ್ವಾರಸ್ಯವಾಗಿದೆ. ರೇಸಿಂಗ್ ಕ್ಯಾಮ್ ಹಾಕಿದರೆ ಒಳಬರುವ ಮತ್ತು ಹೊರಹೋಗುವ ವಾಲ್ವುಗಳು ಒಟ್ಟಿಗೆ ತೆರೆದಿರುವ ಸಮಯ ಹೆಚ್ಚುತ್ತದೆ. ಐಡಲಿಂಗಿನಲ್ಲಿ ಸ್ವಲ್ಪ ಗಾಳಿ ಉರಿಯದೆ ಹಾಗೇ ಹೊರಗೆ ಹೋಗುತ್ತದೆ. ಆಕ್ಸಿಜನ್ ಸೆನ್ಸಾರ್ ಆ ಗಾಳಿಯನ್ನು ನೋಡಿ ಲೀನ್ ಎನ್ನುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಇನ್ನಷ್ಟು ನಡುಗುತ್ತದೆ. ತಿದ್ದಬೇಕಾದ ಸೆನ್ಸಾರೇ ಇಲ್ಲಿ ದಾರಿ ತಪ್ಪಿಸುತ್ತದೆ. ಕಂಪ್ರೆಷನ್ ಹೆಚ್ಚಿಸುವ ಪಿಸ್ಟನ್, ದೊಡ್ಡ ಟರ್ಬೊ, ಇವೆಲ್ಲ ಹೇಳಬೇಕಾಗಿಯೇ ಇಲ್ಲ.

ಟರ್ಬೊ ಪೆಟ್ರೋಲ್ ಕಾರುಗಳಲ್ಲಿ ಈಗ ಹೆಚ್ಚು ಕೇಳಿಬರುವುದು ಡೌನ್‌ಪೈಪ್. ಟರ್ಬೊದ ಹಿಂದಿನ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಖಾಲಿ ಪೈಪ್ ಹಾಕುವುದು. ತಡೆ ಕಡಿಮೆಯಾಗಿ ಟರ್ಬೊ ಬೇಗ ತಿರುಗುತ್ತದೆ, ಬೂಸ್ಟ್ ಇಸಿಯು ಅಂದುಕೊಂಡದ್ದಕ್ಕಿಂತ ಮೇಲೆ ಹಾರುತ್ತದೆ. ಹಾಗಾಗಿ ರೀಟ್ಯೂನ್ ಬೇಕು. ಕನ್ವರ್ಟರಿನ ಹಿಂದಿನ ಸೆನ್ಸಾರ್ ಪಿ0420 ಎಂದು ದೂರು ಕೊಡುತ್ತದೆ, ಟ್ಯೂನಿಂಗ್‌ನಲ್ಲಿ ಅದರ ಬಾಯಿಯನ್ನೂ ಮುಚ್ಚಿಸುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಇದು ಟ್ಯೂನಿಂಗ್ ಅಲ್ಲ. ದೂರು ಅಳಿಸಿದರೂ ವಿಷದ ಹೊಗೆ ಹಿಂದೆ ಸ್ಕೂಟರಿನಲ್ಲಿ ಬರುವವರ ಮುಖಕ್ಕೇ ಹೋಗುವುದು.

ರೀಟ್ಯೂನ್ ಅಲ್ಲದೆ ಬೇರೇನೋ ಬೇಕಾಗುವ ಭಾಗಗಳೂ ಇವೆ. ಥ್ರಾಟಲ್ ಬಾಡಿ ಬದಲಿಸಿದರೆ, ಎಷ್ಟೋ ಸಲ ತೊಳೆದರೂ ಕೂಡ, ಸ್ಕ್ಯಾನರ್ ಹಾಕಿ ಐಡಲಿಂಗನ್ನು ಮತ್ತೆ ಕಲಿಸಬೇಕು. ಅನೇಕ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೂ ಒಂದು ಕೋಡ್ ಅಚ್ಚಾಗಿರುತ್ತದೆ. ಅದೇ ಅಳತೆಯ ಹೊಸ ಇಂಜೆಕ್ಟರ್ ಹಾಕಿದರೂ ಆ ಕೋಡನ್ನು ಇಸಿಯುಗೆ ಬರೆಯಬೇಕು, ಇಲ್ಲದಿದ್ದರೆ ಎಂಜಿನ್ ಒರಟಾಗಿ ಓಡುತ್ತದೆ, ಹೊಗೆ ಬರುತ್ತದೆ. ಇನ್ನು ಕಾರು ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ತೆಗೆದು ಬಿಸಾಡುವ ಅಭ್ಯಾಸ ನಮ್ಮ ಕಡೆ ಉಂಟು. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಇಸಿಯು ದಾರಿಯುದ್ದಕ್ಕೂ ಹೆಚ್ಚು ಪೆಟ್ರೋಲ್ ಕೊಡುತ್ತಾ ಹೋಗುತ್ತದೆ. ಮೈಲೇಜ್ ಬರುವುದಿಲ್ಲ ಎಂದು ಬರುವ ಕಾರುಗಳಲ್ಲಿ ಮಾಮ ಇದನ್ನೂ ನೋಡುತ್ತಾರೆ. ಇದಕ್ಕೆ ಟ್ಯೂನಿಂಗ್ ಏಕೆ, ವಾಲ್ವ್ ತಂದು ಹಾಕಿದರೆ ಮುಗಿಯಿತು.

ನಮ್ಮ ದೇಶದಲ್ಲಿ ಟ್ಯೂನಿಂಗ್ ಬೇಡುವ ಆಫ್ಟರ್‌ಮಾರ್ಕೆಟ್ ಪಾರ್ಟ್ ಎಂದರೆ ರೇಸಿಂಗಿನದ್ದಕ್ಕಿಂತ ಸಿಎನ್‌ಜಿ ಕಿಟ್ಟೇ ಹೆಚ್ಚು, ಆದರೆ ಅದನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಸಿಎನ್‌ಜಿಗೆ ಬೇಕಾದ ಗಾಳಿ 1ಕ್ಕೆ ಸುಮಾರು 17, ಅದು ಉರಿಯುವುದೂ ಪೆಟ್ರೋಲಿಗಿಂತ ನಿಧಾನ. ಸೀಕ್ವೆನ್ಷಿಯಲ್ ಕಿಟ್‌ನಲ್ಲಿ ಗ್ಯಾಸಿಗೆಂದೇ ಬೇರೆ ಇಸಿಯು ಇರುತ್ತದೆ. ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊದಲು ನಿಂತಲ್ಲಿ, ಆಮೇಲೆ ರಸ್ತೆಯಲ್ಲಿ ಓಡಿಸುತ್ತಾ ಕ್ಯಾಲಿಬ್ರೇಷನ್ ಮಾಡಬೇಕು. ಪೆಟ್ರೋಲಿನಲ್ಲಿ ಓಡುವಾಗಲೂ ಗ್ಯಾಸಿನಲ್ಲಿ ಓಡುವಾಗಲೂ ಫ್ಯೂಯಲ್ ಟ್ರಿಮ್ ಹತ್ತಿರ ಹತ್ತಿರ ಇದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಕಿಟ್ ಕೂರಿಸಿ, ಸ್ಟಾರ್ಟ್ ಆಯಿತು ನೋಡಿ ಎಂದು ಕಳಿಸಿಬಿಡುವವರೂ ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಾದರೂ ಕಿಟ್ ಹಾಕಿಸುತ್ತಿದ್ದರೆ ರಸ್ತೆಯಲ್ಲಿ ಓಡಿಸಿ ಕ್ಯಾಲಿಬ್ರೇಷನ್ ಮಾಡಿದಿರಾ ಎಂದು ಕೇಳಲು ಹೇಳಿ.

ಟ್ಯೂನಿಂಗ್ ಮಾಡಿಸುವುದಾದರೆ

ಸರಿಯಾದ ಟ್ಯೂನಿಂಗ್ ಎಂದರೆ ಕಾರನ್ನು ಡೈನೊ ಎಂಬ ಉರುಳೆಗಳ ಮೇಲೆ ಓಡಿಸಿ, ಹೊಗೆ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸಾರ್ ಇಟ್ಟು, ನಾಕಿಂಗ್ ಕೇಳುತ್ತಾ ಒಂದೊಂದೇ ಸಂಖ್ಯೆ ತಿದ್ದುವುದು. ಬೇರೆ ಕಾರಿಗೆ ಬರೆದ ಫೈಲನ್ನು ಐದು ನಿಮಿಷದಲ್ಲಿ ತುಂಬಿಸುವುದು ಅದಲ್ಲ. ಟ್ಯೂನಿಂಗ್ ಬಾಕ್ಸ್ ಎಂದು ಮಾರುವ ಪೆಟ್ಟಿಗೆ ಇನ್ನೂ ಬೇರೆ. ಅದು ಇಸಿಯುವಿನ ಕೋಷ್ಟಕವನ್ನು ಮುಟ್ಟುವುದಿಲ್ಲ. ಸೆನ್ಸಾರಿನಿಂದ ಬರುವ ಸಂಕೇತವನ್ನು ನಡುವೆ ತಡೆದು, ಬೂಸ್ಟ್ ಕಡಿಮೆ ಇದೆ ಎಂದು ಸುಳ್ಳು ಹೇಳಿ ಹೆಚ್ಚು ಬೂಸ್ಟ್ ಕೊಡಿಸುತ್ತದೆ. ಆ ಹುಡುಗನ ಪೈಪ್ ತಿಳಿಯದೆ ಹೇಳಿದ ಸುಳ್ಳನ್ನು ಇದು ತಿಳಿದೇ ಹೇಳುತ್ತದೆ. ಟರ್ಬೊ ಇಲ್ಲದ ಸಣ್ಣ ಎಂಜಿನ್ನಿನಲ್ಲಂತೂ ಟ್ಯೂನಿಂಗಿನಿಂದ ಸಿಗುವ ಪವರ್ ಬಹಳ ಕಡಿಮೆ. ಅಷ್ಟು ಹಣಕ್ಕೆ ನಾಲ್ಕು ಒಳ್ಳೆಯ ಟೈರ್ ಬರುತ್ತದೆ ಎಂಬುದು ಮಾಮನ ವಾದ.

ಕಾನೂನನ್ನೂ ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮೂಲತಃ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎನ್ನುತ್ತದೆ. ಮಾಲೀಕನಿಗೆ ಎಂಬ ಪದ ಗಮನಿಸಿ. ನಮ್ಮ ವಯಸ್ಸಿನವರು ಪಾರ್ಟ್ ಹಾಕಿದರೆ ಆರ್‌ಸಿಯಲ್ಲಿ ಹೆಸರಿರುವ ಅಪ್ಪನೋ ಅಣ್ಣನೋ ಉತ್ತರ ಕೊಡಬೇಕು. ಸಿಎನ್‌ಜಿ ಕಿಟ್‌ಗೆ ಅವಕಾಶ ಇದೆ. ಅದೂ ಅನುಮೋದಿತ ಕಿಟ್ ಆಗಿರಬೇಕು, ಆರ್‌ಸಿಯಲ್ಲಿ ನಮೂದಿಸಿರಬೇಕು. ಹೇಳದೆ ಮಾಡಿದ ಮಾರ್ಪಾಡು ಕಂಡರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯುತ್ತಾರೆ.

ಶಿರಾಡಿಯಲ್ಲಿ ನಿಂತ ಆ ಕಾರಿನ ಕೆಲಸ ಮುಗಿಯುವ ದಿನ ನಾನೂ ಗ್ಯಾರೇಜಿನಲ್ಲಿದ್ದೆ. ಹುಡುಗ ಅಟ್ಟದ ಮೇಲೆ ಹಾಕಿದ್ದ ಹಳೆಯ ಫಿಲ್ಟರ್ ಡಬ್ಬಿಯನ್ನೂ ಪೈಪನ್ನೂ ಪೇಪರಿನಲ್ಲಿ ಸುತ್ತಿ ತಂದಿದ್ದ. ಮಾಮ ಒಂದು ಮಾತೂ ಬೈಯಲಿಲ್ಲ. ಸ್ಕ್ಯಾನರನ್ನು ಅವನ ಕೈಗೇ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬೈಪಾಸ್‌ವರೆಗೆ ಹೋಗಿ ಬಂದರು.

ಇಳಿಯುವಾಗ ಕೇಳಿದರು, "ಟ್ರಿಮ್ ಎಷ್ಟು ಉಂಟು?"

"ಎರಡು, ಮೂರು. ಅಷ್ಟರಲ್ಲೇ ಆಡ್ತಾ ಉಂಟು."

"ಮೊದಲು ಎಷ್ಟಿತ್ತು ಗೊತ್ತುಂಟಾ?"

ಅವನಿಗೆ ಗೊತ್ತಿರಲಿಲ್ಲ. ಲ್ಯಾಂಪ್ ಹೊತ್ತಿದ ದಿನ ಯಾರೂ ಸ್ಕ್ಯಾನರ್ ಹಾಕಿ ನೋಡಿರಲಿಲ್ಲ.